ರೈಡಿಂಗ್ ಜಾಕೆಟ್‌ಗೆ ಪ್ಯಾಚ್: ಎಲ್ಲಿ ಹೊಲಿಸಬೇಕು, ಏನು ಹಾಕಿಸಬೇಕು?

ಹೆಬ್ಬಾಳ 350

ಗೆಳೆಯರೇ, ಒಂದು ಸಲಹೆ ಬೇಕಿತ್ತು. ಯುಗಾದಿಗೆ ಹೊಸ ರೈಡಿಂಗ್ ಜಾಕೆಟ್ ತಗೊಂಡೆ. ಕಪ್ಪು ಬಣ್ಣ. ಎದೆಗೂ ತೋಳಿಗೂ ಮೆಶ್ (ಗಾಳಿಯಾಡುವ ಜಾಲರಿ ಬಟ್ಟೆ), ಭುಜ ಮತ್ತು ಮೊಣಕೈ ಹತ್ತಿರ ದಪ್ಪ ಬಟ್ಟೆ, ಒಳಗೆ ಜಿಪ್ ಬಿಚ್ಚಿ ತೆಗೆಯುವ ಮಳೆ ಲೈನರ್. ಜಾಕೆಟ್ ಚೆನ್ನಾಗಿದೆ. ಆದರೆ ಮೇಖ್ರಿ ಸರ್ಕಲ್ ಸಿಗ್ನಲ್‌ನಲ್ಲಿ ನಿಂತರೆ ಅಕ್ಕಪಕ್ಕದವರದ್ದೆಲ್ಲಾ ಇದೇ ಜಾಕೆಟ್. ನನ್ನದು ನನ್ನದು ಅಂತ ಕಾಣಬೇಕು ಅನ್ನೋ ಆಸೆ. ಅದಕ್ಕೆ ಪ್ಯಾಚ್, ಅಂದರೆ ದಾರದಲ್ಲಿ ಚಿತ್ರ ಹೊಲಿದ ಬಟ್ಟೆಯ ಬಿಲ್ಲೆ, ಹಾಕಿಸೋಣ ಅಂತಿದ್ದೀನಿ.

ಸದ್ಯಕ್ಕೆ ಡ್ರಾಯರ್‌ನಲ್ಲಿ ಇರುವ ಪ್ಯಾಚ್‌ಗಳು: ನಂದಿ ಬೆಟ್ಟ, ತಮಿಳುನಾಡಿನ ಕೊಲ್ಲಿ ಹಿಲ್ಸ್‌ನ 70 ತಿರುವುಗಳದ್ದು, ಲಡಾಖ್‌ನ ಖಾರ್ದುಂಗ್ ಲಾ ಬೆಟ್ಟದ ದಾರಿಯದ್ದು, ಹಳದಿ-ಕೆಂಪು ಬಾವುಟ. ಬೆನ್ನಿಗೆ ದೊಡ್ಡದೊಂದು ಕನ್ನಡದಲ್ಲೇ ಮಾಡಿಸಬೇಕು ಅಂತಿದೆ.

ಪ್ಯಾಕೆಟ್ ಮೇಲೆ "ಇಸ್ತ್ರಿ ಮಾಡಿ ಅಂಟಿಸಿ" ಅಂತ ಬರೆದಿದೆ. ಮನೆಯಲ್ಲೇ ಮಾಡಬಹುದಾ? ಇಬ್ಬರು ಟೈಲರ್‌ಗಳನ್ನು ಕೇಳಿದೆ. ಒಬ್ಬರು ಇದಾಗಲ್ಲ ಅಂದರು. ಇನ್ನೊಬ್ಬರು ಕೊಡಿ, ಐದು ನಿಮಿಷದಲ್ಲಿ ಹೊಲಿದು ಬಿಸಾಕ್ತೀನಿ ಅಂದರು. ಎರಡನೆಯವರ ಮಾತಿಗೇ ಜಾಸ್ತಿ ಹೆದರಿಕೆ ಆಯ್ತು. ಗೊತ್ತಿರುವವರು ಹೇಳಿ.

ಎರಡು ಸೈಲೆನ್ಸರ್

ಮೆಶ್ ಮೇಲೆ ಇಸ್ತ್ರಿ ಪೆಟ್ಟಿಗೆ ಇಡಲೇಬೇಡಿ ಮಾರಾಯ್ರೇ. ಅದು ಪಾಲಿಯೆಸ್ಟರ್. ಅಂಟು ಕರಗುವಷ್ಟು ಬಿಸಿ ಕೊಟ್ಟರೆ ಬಟ್ಟೆ ಮೊದಲು ಮಿರಮಿರ ಮಿನುಗುತ್ತೆ, ಆಮೇಲೆ ಮುದುಡುತ್ತೆ. ಬೀದಿ ಇಸ್ತ್ರಿ ಗಾಡಿಯ ಕೆಂಡದ ಪೆಟ್ಟಿಗೆಗಂತೂ ಕೊಡಲೇಬೇಡಿ, ಅದರಲ್ಲಿ ಬಿಸಿ ಹೆಚ್ಚು ಕಡಿಮೆ ಮಾಡೋಕೆ ಆಗಲ್ಲ. ಪೀಣ್ಯದ ಗುರುಗಳು ಬರಲಿ, ಅವರು ಸರಿಯಾಗಿ ಹೇಳ್ತಾರೆ.

ಪೀಣ್ಯ ಪವರ್‌ಮೆಷಿನ್

ಬಂದೆ. ನಾನು ಗಾರ್ಮೆಂಟ್ಸ್‌ನಲ್ಲಿ ಜಾಕೆಟ್ ಲೈನಿನಲ್ಲೇ ಕೆಲಸ ಮಾಡಿದವನು, ಬೈಕೂ ಓಡಿಸುತ್ತೇನೆ. ಅದಕ್ಕೆ ಸ್ವಲ್ಪ ಉದ್ದವಾಗೇ ಬರೆಯುತ್ತೇನೆ. ಸಮಾಧಾನವಾಗಿ ಓದಿ.

ಮೊದಲು ಅಂಟಿನ ವಿಚಾರ. ಪ್ಯಾಚ್ ಹಿಂದಿನ ಆ ಹೊಳೆಯುವ ಪದರ ಬಿಸಿಗೆ ಕರಗುವ ಅಂಟು. ಹತ್ತಿ ಬಟ್ಟೆಗೆ, ಜೀನ್ಸ್‌ಗೆ ಚೆನ್ನಾಗಿ ಹಿಡಿಯುತ್ತೆ. ನೈಲಾನ್, ಪಾಲಿಯೆಸ್ಟರ್ ಬಟ್ಟೆ ನುಣುಪು, ಸಾಲದ್ದಕ್ಕೆ ನೀರು ನಿಲ್ಲದ ಹಾಗೆ ಮೇಲೆ ಲೇಪ ಬೇರೆ ಇರುತ್ತೆ. ಅಲ್ಲಿ ಅಂಟು ಕೂರಲ್ಲ. ಬಿಸಿಲು, ಮಳೆ, ಗಾಳಿ ಮೂರೂ ಸೇರಿ ಮೂಲೆಯಿಂದ ಎಬ್ಬಿಸಿಬಿಡುತ್ತವೆ. ಹಾಗಾಗಿ ಜಾಕೆಟ್‌ಗೆ ಹೊಲಿಗೆಯೇ ಆಗಬೇಕು. ಅಂಟಿನ ಪ್ಯಾಚನ್ನೂ ಸುಮ್ನೆ ಹೊಲಿಯಬಹುದು. ಸೂಜಿಗೆ ಅಂಟು ಮೆತ್ತುತ್ತದೆ, ಆಗಾಗ ಒರೆಸಿಕೊಂಡರೆ ಸಾಕು.

ಈಗ ಮುಖ್ಯ ಮಾತು. ರೈಡಿಂಗ್ ಜಾಕೆಟ್ ಅಂದರೆ ಒಂದು ಬಟ್ಟೆ ಅಲ್ಲ. ಹೊರಗೆ ರಸ್ತೆಗೆ ಉಜ್ಜಿದರೆ ತಡೆಯುವ ಬಟ್ಟೆ. ಅದರ ಹಿಂದೆ ಭುಜ, ಮೊಣಕೈ, ಬೆನ್ನಿನ ಆರ್ಮರ್, ಅಂದರೆ ಪೆಟ್ಟು ತಡೆಯುವ ಪ್ಯಾಡ್, ಕೂರುವ ಜೇಬುಗಳು. ಆಮೇಲೆ ಒಳ ಲೈನಿಂಗ್. ಪ್ಯಾಚ್ ಹೊರಗಿನ ಬಟ್ಟೆಗೆ ಮಾತ್ರ ಹೊಲಿಯಬೇಕು. ಐದು ನಿಮಿಷದಲ್ಲಿ ಹೊಲಿದು ಕೊಡ್ತೀನಿ ಅಂದವರು ಎಲ್ಲಾ ಪದರ ಸೇರಿಸಿ ಒಂದೇ ಏಟಿಗೆ ಹೊಡೆಯುತ್ತಾರೆ. ಆಗ ಲೈನಿಂಗ್ ಎಳೆದುಕೊಳ್ಳುತ್ತೆ. ತೋಳಿನಲ್ಲಾದರೆ ಆರ್ಮರ್‌ನ ಜೇಬು ಜಗ್ಗಿ ಮೊಣಕೈ ಪ್ಯಾಡ್ ಪಕ್ಕಕ್ಕೆ ಸರಿಯುತ್ತೆ. ಬಿದ್ದಾಗ ಆ ಪ್ಯಾಡ್ ಮೂಳೆಯ ಮೇಲೆ ಇಲ್ಲ ಅಂದರೆ ಅದು ಇದ್ದೂ ಇಲ್ಲದ ಹಾಗೆ. ಎದೆಯ ಪ್ಯಾಚ್‌ನಲ್ಲಿ ಇನ್ನೊಂದು ತೊಂದರೆ: ಒಳಗಿನ ಜೇಬೂ ಸೇರಿ ಹೊಲಿದುಹೋಗುತ್ತೆ. ಟೋಲ್ ಹತ್ತಿರ ನಿಂತು ಕೈ ಹಾಕಿದಾಗಲೇ ಗೊತ್ತಾಗೋದು.

ಮಾಡುವ ಕ್ರಮ ಹೇಳ್ತೀನಿ. ಆರ್ಮರ್ ಎಲ್ಲಾ ತೆಗೆಯಿರಿ, ಮಳೆ ಲೈನರ್ ಬಿಚ್ಚಿಡಿ. ಜಾಕೆಟ್ ಒಳಮಗ್ಗಲು ಮಾಡಿ ಲೈನಿಂಗ್‌ನ ಕೆಳ ಅಂಚು ಹುಡುಕಿ. ಕೆಲವು ಜಾಕೆಟ್‌ಗಳಲ್ಲಿ ಅಲ್ಲೊಂದು ಸಣ್ಣ ಜಿಪ್ ಇರುತ್ತೆ. ಇಲ್ಲ ಅಂದರೆ ಬೆನ್ನಿನ ಕೆಳಗೆ ಲೈನಿಂಗ್‌ನ ಹೊಲಿಗೆಯನ್ನು ಒಂದು ಗೇಣು ಬಿಚ್ಚಬೇಕು. ಲೈನಿಂಗ್‌ನದು ಮಾತ್ರ, ಹೊರ ಬಟ್ಟೆಯ ಜೋಡಣೆ ಹೊಲಿಗೆ ಮುಟ್ಟಬಾರದು. ಆ ತೂತಿನಿಂದ ಕೈ ಹಾಕಿ ಹೊರ ಬಟ್ಟೆಯನ್ನು ಆಚೆ ಎಳೆದುಕೊಂಡರೆ ಒಂದೇ ಪದರ ಕೈಗೆ ಸಿಗುತ್ತೆ. ಅಲ್ಲಿ ಹೊಲಿದು, ವಾಪಸ್ ಒಳಗೆ ಬಿಟ್ಟು, ಲೈನಿಂಗ್ ಮುಚ್ಚಿ ಹೊಲಿದರೆ ಮುಗಿಯಿತು. ಆಗಲ್ಲ ಅಂದ ಟೈಲರ್ ಬಹುಶಃ ಇದೆಲ್ಲಾ ಗೊತ್ತಿದ್ದೇ, ಕೆಲಸ ಜಾಸ್ತಿ ಅಂತ ಹಾಗಂದಿರಬಹುದು. ಅವರಿಗೇ ಇದನ್ನು ಬಿಡಿಸಿ ಹೇಳಿ, ಕೂಲಿ ಸ್ವಲ್ಪ ಜಾಸ್ತಿ ಕೊಡ್ತೀನಿ ಅನ್ನಿ. ಮಾಡಿಕೊಡ್ತಾರೆ.

ದಾರ ಪಾಲಿಯೆಸ್ಟರ್ ಇರಲಿ. ಹತ್ತಿ ದಾರ ನೆನೆದು ಒಣಗಿ ಕೊಳೆಯುತ್ತೆ. ನೈಲಾನ್ ಗಟ್ಟಿ, ಆದರೆ ಬಿಸಿಲಿಗೆ ಪಾಲಿಯೆಸ್ಟರ್‌ನಷ್ಟು ತಡೆಯಲ್ಲ. ಬಣ್ಣ ಪ್ಯಾಚ್‌ನ ಅಂಚಿನದ್ದೇ ಆಗಿರಬೇಕು. ಸೂಜಿ 16 ಅಥವಾ 18 ನಂಬರ್. ಹೊಲಿಗೆ ತೀರಾ ಒತ್ತೊತ್ತಾಗಿ ಬೇಡ, 3ರಿಂದ 4 ಮಿಲಿಮೀಟರ್ ಸಾಕು.

ನಿಮ್ಮ ಜಾಕೆಟ್‌ನ ಮಳೆ ಲೈನರ್ ಬೇರೆಯೇ ಇದೆ, ಹಾಗಾಗಿ ತೂತಿನಿಂದ ನೀರು ಬರುವ ಚಿಂತೆ ಇಲ್ಲ. ಹೊರ ಬಟ್ಟೆಗೇ ನೀರು ತಡೆಯುವ ಪದರ ಅಂಟಿಸಿರುವ ದುಬಾರಿ ಜಾಕೆಟ್‌ಗಳಿಗೆ ಮಾತ್ರ ಸೂಜಿ ಹಾಕಿಸಬೇಡಿ. ಒಂದೊಂದು ತೂತೂ ಆಗುಂಬೆ ಮಳೆಗೆ ಒಂದೊಂದು ಬಾಗಿಲು.

ಹೆಬ್ಬಾಳ 350

ಗುರುಗಳೇ, ಇಷ್ಟು ವಿವರ ಸಿಗುತ್ತೆ ಅಂದುಕೊಂಡಿರಲಿಲ್ಲ. ತುಂಬಾ ಥ್ಯಾಂಕ್ಸ್. ಮೆಶ್ ಮೇಲೇ ಹೊಲಿಯಬಹುದಾ, ಇಲ್ಲ ದಪ್ಪ ಬಟ್ಟೆ ಇರುವ ಕಡೆ ಮಾತ್ರವಾ?

ಪೀಣ್ಯ ಪವರ್‌ಮೆಷಿನ್

ಮೆಶ್ ಮೇಲೆ ಹೊಲಿದರೆ ದಾರ ಆ ರಂಧ್ರಗಳ ನಡುವಿನ ಎಳೆಗಳನ್ನು ಜಗ್ಗುತ್ತೆ, ಸುತ್ತ ಸುಕ್ಕು ಬರುತ್ತೆ. ಹೊಲಿಯಲೇಬೇಕು ಅಂದರೆ ಹಿಂದೆ ಒಂದು ತುಂಡು ಗಟ್ಟಿ ಬಟ್ಟೆ ಇಟ್ಟುಕೊಳ್ಳಬೇಕು. ಆದರೆ ಯಾಕೆ? ಗಾಳಿ ಬರಲಿ ಅಂತ ತಾನೇ ಮೆಶ್ ತಗೊಂಡಿದ್ದು. ಬೆನ್ನಿನ ಮೇಲೆ 10 ಇಂಚಿನ ಪ್ಯಾಚ್ ಹಾಕಿದರೆ ಒಳಗೆ ಬಂದ ಗಾಳಿ ಹೊರಗೆ ಹೋಗೋಕೆ ದಾರಿಯೇ ಇಲ್ಲ. ಏಪ್ರಿಲ್‌ನಲ್ಲಿ ತುಮಕೂರು ರೋಡಿನ ಟ್ರಾಫಿಕ್‌ನಲ್ಲಿ ನಿಂತಾಗ ಬೆನ್ನು ಬೇಯುತ್ತೆ.

ಘಾಟಿ ತಿರುವು

ಇದಕ್ಕೆ ನನ್ನ ಉತ್ತರ ಬೇರೆ. ಜಾಕೆಟ್‌ಗೆ ಸೂಜಿಯೇ ತಗುಲಿಸಬೇಡಿ. ಮೇಲೆ ಹಾಕಿಕೊಳ್ಳೋಕೆ ಒಂದು ತೋಳಿಲ್ಲದ ಡೆನಿಮ್ ವೆಸ್ಟ್ ಮಾಡಿಸಿಕೊಳ್ಳಿ. ಪ್ಯಾಚ್ ಎಲ್ಲಾ ಅದರ ಮೇಲೆ.

ನಾನು ಹಾಗೇ ಮಾಡಿಕೊಂಡಿದ್ದೇನೆ. ಹಳೇ ಜೀನ್ಸ್ ಜಾಕೆಟ್‌ನ ತೋಳು ಕತ್ತರಿಸಿ, ಕಂಕುಳ ಅಂಚನ್ನು ಮಡಿಚಿ ಹೊಲಿಸಿದೆ. ಆರ್ಮರ್ ಮೇಲೆ ಕೂರಬೇಕಲ್ಲ, ಅದಕ್ಕೆ ಅಳತೆ ದೊಡ್ಡದೇ ಬೇಕು. ನನ್ನದು ಅಣ್ಣನ ಜಾಕೆಟ್. ಆದರೆ ಸಡಿಲ ಬಿಟ್ಟರೆ ಹೈವೇಯಲ್ಲಿ ಪಟಪಟ ಅಂತ ಹೊಡೆದುಕೊಂಡು ತಲೆನೋವು ತರಿಸುತ್ತೆ. ಎರಡೂ ಪಕ್ಕೆಗೆ ಶೂ ಲೇಸ್ ಪೋಣಿಸುವ ಕಣ್ಣುಗಳನ್ನು ಹಾಕಿಸಿ ಬಿಗಿ ಮಾಡಿಕೊಂಡಿದ್ದೇನೆ. ಲೇಸ್‌ನ ತುದಿ ಒಳಗೆ ಸಿಕ್ಕಿಸಿರಬೇಕು, ನೇತಾಡಬಾರದು. ಬಿದ್ದರೂ ಮೊದಲು ಹರಿಯುವುದು ವೆಸ್ಟ್. ಜಾಕೆಟ್ ತನ್ನ ಕೆಲಸ ತಾನು ಮಾಡುತ್ತೆ. ಬೇಸಿಗೆಯಲ್ಲಿ ವೆಸ್ಟ್ ತೆಗೆದು ಬ್ಯಾಗಿಗೆ ಹಾಕಿದರೆ ಮೆಶ್‌ನ ಗಾಳಿಗೂ ಅಡ್ಡಿ ಇಲ್ಲ. ನಾಳೆ ಜಾಕೆಟ್ ಬದಲಾಯಿಸಿದರೂ ಪ್ಯಾಚ್‌ಗಳು ನಿಮ್ಮ ಹತ್ತಿರವೇ ಉಳಿಯುತ್ತವೆ. ಏರ್‌ಬ್ಯಾಗ್ ಇರುವ ಜಾಕೆಟ್ ಆದರೆ ಮಾತ್ರ ಮೇಲೆ ಬಿಗಿಯಾಗಿ ಏನೂ ಹಾಕಬೇಡಿ. ಅದು ಉಬ್ಬೋಕೆ ಜಾಗ ಬೇಕು.

ಹೆಣ್ಣುಮಕ್ಕಳಿಗೆ ಒಂದು ಮಾತು. ನಮ್ಮ ಅಳತೆಯ ಜಾಕೆಟ್‌ಗೆ ಎದೆ ಹತ್ತಿರ ಡಾರ್ಟ್, ಅಂದರೆ ಆಕಾರಕ್ಕಾಗಿ ಮಡಿಚಿ ಹೊಲಿದ ಗೆರೆ, ಹಿಡಿದಿರುತ್ತಾರೆ. ಅದರ ಮೇಲೆ ಅಡ್ಡವಾಗಿ ಗಟ್ಟಿ ಪ್ಯಾಚ್ ಹೊಲಿದರೆ ಒಂದು ಕಡೆ ಎದ್ದು ನಿಲ್ಲುತ್ತೆ. ಡಾರ್ಟ್‌ಗಿಂತ ಮೇಲೆ, ಕಾಲರ್ ಮೂಳೆಯ ಕೆಳಗೆ ಸಣ್ಣ ಪ್ಯಾಚ್ ಚೆನ್ನಾಗಿ ಕೂರುತ್ತೆ.

ಮತ್ತೆ, ರಾತ್ರಿ ಹೊಳೆಯುವ ಪಟ್ಟಿ ಇರುತ್ತಲ್ಲ, ಅದರ ಮೇಲೆ ದಯವಿಟ್ಟು ಏನೂ ಹಾಕಬೇಡಿ. ಕಪ್ಪು ಜಾಕೆಟ್‌ನಲ್ಲಿ ಹಿಂದಿನ ಲಾರಿಯವರಿಗೆ ನೀವು ಕಾಣೋದು ಆ ಎರಡು ಗೆರೆಯಿಂದ ಮಾತ್ರ.

ಪೀಣ್ಯ ಪವರ್‌ಮೆಷಿನ್

ಘಾಟಿ ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ನನ್ನ ಪೋಸ್ಟ್‌ನಲ್ಲೇ ಮೊದಲು ಇದು ಬರಬೇಕಿತ್ತು. ಡೆನಿಮ್ ಹೊಲಿಯೋಕೂ ಸಲೀಸು, ಯಾವ ಟೈಲರೂ ಬೇಡ ಅನ್ನಲ್ಲ.

ಬಸವನಗುಡಿ ಲೆದರ್

ಚರ್ಮದ ಜಾಕೆಟ್ ಇರುವವರಿಗಾಗಿ ನಾಲ್ಕು ಮಾತು. ಬಟ್ಟೆಯಲ್ಲಿ ಸೂಜಿ ಎಳೆಗಳ ನಡುವೆ ದಾರಿ ಮಾಡಿಕೊಂಡು ಹೋಗುತ್ತೆ, ಹೊಲಿಗೆ ಬಿಚ್ಚಿದರೆ ತೂತು ಹೆಚ್ಚು ಕಡಿಮೆ ಮುಚ್ಚಿಕೊಳ್ಳುತ್ತೆ. ಚರ್ಮದಲ್ಲಿ ಹಾಗಲ್ಲ. ಒಮ್ಮೆ ಬಿದ್ದ ತೂತು ಜನ್ಮಕ್ಕೂ ಅಲ್ಲೇ. ಒತ್ತೊತ್ತಾಗಿ ಹೊಲಿದರೆ ಆ ಸಾಲಿನಲ್ಲೇ ಸೀಳಿಕೊಳ್ಳುತ್ತೆ. ಅದಕ್ಕೆ ಪ್ಯಾಚ್ ಎಲ್ಲಿ ಅನ್ನೋದು ತೀರ್ಮಾನ ಆದಮೇಲೇ ಸೂಜಿ ಹಿಡಿಯಬೇಕು.

ನಾನು ಕೈಯಲ್ಲೇ ಹೊಲಿಯುತ್ತೇನೆ. ಚರ್ಮದ ಸೂಜಿಗೆ ಮೂರು ಮುಖದ ಮೊನೆ ಇರುತ್ತೆ, ಅದನ್ನೇ ತಗೊಳ್ಳಿ. ಹಿಡಿಯೋಕೆ ಗುಂಡುಪಿನ್ ಚುಚ್ಚಬೇಡಿ, ಅದೂ ತೂತೇ. ಕಾಗದ ಹಿಡಿಯುವ ಕ್ಲಿಪ್ ಅಥವಾ ಎರಡೂ ಕಡೆ ಅಂಟುವ ತೆಳು ಟೇಪ್ ಸಾಕು. ಸೂಜಿ ಹೊರಗೆ ಬರದಿದ್ದರೆ ಇಕ್ಕಳದಲ್ಲಿ ಎಳೆಯಿರಿ, ಬೆರಳಿಂದ ಒತ್ತಬೇಡಿ. ಚರ್ಮಕ್ಕೆ ಇಸ್ತ್ರಿ ಅಂತೂ ಬೇಡವೇ ಬೇಡ, ಬಿಸಿಗೆ ಕುಗ್ಗಿ ಹಲಗೆಯ ಹಾಗೆ ಗಟ್ಟಿಯಾಗುತ್ತೆ.

ತೋಳಿನ ಮೇಲೆ ಹಾಕಬೇಕು ಅಂದರೆ ಶೂ, ಬ್ಯಾಗ್ ರಿಪೇರಿ ಮಾಡುವವರ ಹತ್ತಿರ ಹೋಗಿ. ಅವರ ಯಂತ್ರಕ್ಕೆ ಉದ್ದನೆ ತೆಳು ಮೂತಿ ಇರುತ್ತೆ, ತೋಳನ್ನು ಅದರೊಳಗೆ ತೂರಿಸಿ ಹೊಲಿಯಬಹುದು. ಮಾಮೂಲಿ ಹೊಲಿಗೆ ಯಂತ್ರಕ್ಕೆ ತೋಳು ಹೋಗೋದೇ ಇಲ್ಲ.

ಮಲ್ಲೇಶ್ವರಂ ಹಿಮಾಲಯನ್

ಸಾಮಾನು ಎಲ್ಲಿ ಸಿಗುತ್ತೆ ಅಂತ ಯಾರೂ ಹೇಳಲಿಲ್ಲ. ದಾರ, ವೆಲ್ಕ್ರೋ, ಸೂಜಿ, ಕ್ಯಾನ್ವಾಸ್ ಎಲ್ಲಕ್ಕೂ ಚಿಕ್ಕಪೇಟೆಯ ಟೈಲರಿಂಗ್ ಸಾಮಾನಿನ ಅಂಗಡಿಗಳು, ಇಲ್ಲ ಅಂದರೆ ಕಮರ್ಷಿಯಲ್ ಸ್ಟ್ರೀಟ್ ಪಕ್ಕದ ಇಬ್ರಾಹಿಂ ಸಾಹೇಬ್ ಸ್ಟ್ರೀಟ್. ಭಾನುವಾರ ಹೋಗಬೇಡಿ, ಕಾಲಿಡೋಕೆ ಜಾಗ ಇರಲ್ಲ. ಮೆಟ್ರೋದಲ್ಲಿ ಹೋಗಿ, ಅಲ್ಲಿ ಗಾಡಿ ನಿಲ್ಲಿಸೋದೇ ದೊಡ್ಡ ಕಷ್ಟ.

ನೂಲು ಬಣ್ಣ

ಕನ್ನಡದಲ್ಲಿ ಬ್ಯಾಕ್ ಪ್ಯಾಚ್ ಮಾಡಿಸಬೇಕು ಅಂದಿರಲ್ಲ, ಅದರ ಬಗ್ಗೆ ನಾನು ಹೇಳಬಲ್ಲೆ. ನಮ್ಮದು ಕಂಪ್ಯೂಟರ್ ಎಂಬ್ರಾಯ್ಡರಿ ಕೆಲಸ.

ನೀವು ಚಿತ್ರ ಕೊಟ್ಟ ತಕ್ಷಣ ಯಂತ್ರ ಹೊಲಿಯಲ್ಲ. ಅದನ್ನು ಹೊಲಿಗೆಯ ಫೈಲ್ ಮಾಡಬೇಕು. ಯಾವ ಭಾಗ ಮೊದಲು, ದಾರ ಯಾವ ದಿಕ್ಕಿಗೆ, ಹೊಲಿಗೆ ಎಷ್ಟು ದಟ್ಟ ಅನ್ನೋದನ್ನೆಲ್ಲ ಒಬ್ಬರು ಕೂತು ಹಾಕುತ್ತಾರೆ. ಇದಕ್ಕೆ ನಾವು ಪಂಚಿಂಗ್ ಅಂತೀವಿ. ಅದರ ದುಡ್ಡು ಒಂದೇ ಸಲ. ಆಮೇಲೆ ಹೊಲಿಗೆಗಳ ಲೆಕ್ಕದಲ್ಲಿ ಬೆಲೆ. ಹಾಗಾಗಿ ಒಂದೇ ಪ್ಯಾಚ್ ಮಾಡಿಸಿದರೆ ದುಬಾರಿ ಅನಿಸುತ್ತೆ, ಗೆಳೆಯರು ಸೇರಿ ಹತ್ತಿಪ್ಪತ್ತು ಮಾಡಿಸಿದರೆ ಕೈಗೆಟುಕುತ್ತೆ. ಡಿಎಸ್‌ಟಿ ಫೈಲ್ (ಅದೇ ಹೊಲಿಗೆಯ ಫೈಲ್) ಕೇಳಿ ಇಸ್ಕೊಳ್ಳಿ, ಮುಂದಿನ ಸಲ ಬೇರೆ ಅಂಗಡಿಯಲ್ಲೂ ನಡೆಯುತ್ತೆ.

ಕನ್ನಡ ಅಕ್ಷರದ ವಿಷಯಕ್ಕೆ ಬರೋಣ. ಎಂಬ್ರಾಯ್ಡರಿ ಸಾಫ್ಟ್‌ವೇರ್‌ನಲ್ಲಿ ನೇರ ಕನ್ನಡ ಟೈಪ್ ಮಾಡಿಸಿದರೆ ಎಷ್ಟೋ ಸಲ ಗುಣಿತ ಒಂದು ಕಡೆ, ಒತ್ತು ಒಂದು ಕಡೆ ಚೆಲ್ಲಾಪಿಲ್ಲಿ ಆಗುತ್ತೆ. ಕನ್ನಡ ಓದಲು ಬಾರದ ಆಪರೇಟರ್ ಅದನ್ನೇ ಸರಿ ಅಂದುಕೊಂಡು ಹೊಲಿದು ಕೊಡ್ತಾರೆ. ಅದಕ್ಕೆ ಅಕ್ಷರಗಳನ್ನು ಗೆರೆಯಾಗಿ ಬದಲಾಯಿಸಿದ ಪಿಡಿಎಫ್ ಕೊಡಿ, ಅಥವಾ ಕೈಯಲ್ಲೇ ಬರೆದು ಸ್ಕ್ಯಾನ್ ಮಾಡಿ ಕೊಡಿ. ಕೈಬರಹ ಇನ್ನೂ ಚೆಂದ.

ಇನ್ನು ಗಾತ್ರ. "ಮುಳ್ಳಯ್ಯನಗಿರಿ" ಅಂತ ಹೊಲಿಸಬೇಕು ಅಂದುಕೊಳ್ಳಿ. ಅದರಲ್ಲಿ ಎರಡು ಒತ್ತಕ್ಷರ ಇದೆ. ಮೇಲಿನ ಅಕ್ಷರ 1 ಸೆಂಟಿಮೀಟರ್ ಎತ್ತರ ಇದ್ದರೆ ಕೆಳಗಿನ ಒತ್ತು ಅದರ ಅರ್ಧವೂ ಇರಲ್ಲ. ಅಷ್ಟು ಸಣ್ಣ ಜಾಗದಲ್ಲಿ ದಾರ ತಿರುಗೋಕೆ ಆಗಲ್ಲ, ಳ ಒತ್ತಿನ ಹೊಟ್ಟೆಯೊಳಗಿನ ಖಾಲಿ ಜಾಗ ಮುಚ್ಚಿಕೊಂಡು ಒಂದು ಗಂಟಿನ ಹಾಗೆ ಕಾಣುತ್ತೆ. ಬೆನ್ನಿನ ಪ್ಯಾಚ್‌ನಲ್ಲಿ ಅಕ್ಷರ 2 ಸೆಂಟಿಮೀಟರ್‌ಗೆ ಕಡಿಮೆ ಬೇಡ. ಸಾಲುಗಳ ನಡುವೆ ಒತ್ತಿಗೂ ಜಾಗ ಬಿಡಿ. ಇಂಗ್ಲಿಷ್ ಪ್ಯಾಚ್‌ನ ಅಳತೆ ನೋಡಿ ಅದರಲ್ಲೇ ಕನ್ನಡ ತುರುಕಿದರೆ ಕೆಡೋದು ಇಲ್ಲೇ. ಸಣ್ಣ ಅಕ್ಷರ ಬೇಕೇ ಬೇಕು ಅಂದರೆ ನೇಯ್ದ ಪ್ಯಾಚ್ ಕೇಳಿ, ಶರ್ಟ್ ಕಾಲರ್‌ನ ಲೇಬಲ್ ಥರದ್ದು. ಅದರಲ್ಲಿ ಎಳೆ ಸಣ್ಣ, ಅಕ್ಷರ ಚೂಪಾಗಿ ಬರುತ್ತೆ. ಉಬ್ಬು ಮಾತ್ರ ಇರಲ್ಲ.

ಸರಿಯಾಗಿ ಮಾಡಿದರೆ ನಮ್ಮ ಲಿಪಿಯಷ್ಟು ಚೆಂದ ಪ್ಯಾಚ್‌ನಲ್ಲಿ ಇನ್ನೊಂದು ಕಾಣಲ್ಲ. ದುಂಡನೆ ತಿರುವಿನಲ್ಲಿ ದಾರ ಸುತ್ತಿಕೊಂಡು ಬರುವಾಗ ಬೆಳಕು ಒಂದೊಂದು ಕಡೆ ಒಂದೊಂದು ಥರ ಬಿದ್ದು ಅಕ್ಷರವೇ ಹೊಳೆಯುತ್ತೆ. ಬೆಂಗಳೂರಲ್ಲಿ ಇಷ್ಟು ಜನ ರೈಡರ್‌ಗಳಿದ್ದಾರೆ, ಕನ್ನಡದ ಬ್ಯಾಕ್ ಪ್ಯಾಚ್ ಕಾಣೋದು ಅಪರೂಪ. ದಯವಿಟ್ಟು ಮಾಡಿಸಿ.

ಹೆಬ್ಬಾಳ 350

ನೂಲು ಬಣ್ಣ ಸರ್, "ನಡೆ ಮುಂದೆ" ಅಂತ ಎರಡೇ ಪದ ಹಾಕಿಸೋಣ ಅಂತಿದ್ದೀನಿ. ಒತ್ತಕ್ಷರದ ಕಾಟವೂ ಇಲ್ಲ. ಸರಿ ಹೋಗುತ್ತಾ?

ನೂಲು ಬಣ್ಣ

ಚೆನ್ನಾಗಿ ಬರುತ್ತೆ. ಕಪ್ಪು ನೆಲಕ್ಕೆ ಬಿಳಿ ಬೇಡ, ಬೇಗ ಕೊಳೆ ಕಾಣುತ್ತೆ. ಸಾಸಿವೆ ಹಳದಿ ಹಾಕಿಸಿ.

ಧಾರವಾಡದ ಸೂಜಿ

ಯಂತ್ರದ ಬಗ್ಗೆ ಎಲ್ಲಾ ಬಂತು. ಕೈ ಕಸೂತಿ ಬಗ್ಗೆ ಯಾರಾದರೂ ಹೇಳ್ತಾರಾ ಅಂತ ಕಾದೆ. ನಾನೇ ಬರೆಯುತ್ತೇನೆ. ಈಗ ವಿಜಯನಗರದಲ್ಲಿದ್ದೇನೆ, ಊರು ಧಾರವಾಡ.

ನನ್ನ ವೆಸ್ಟ್‌ನ ಬೆನ್ನಿಗೆ ಅವ್ವ ತೇರು ಹಾಕಿ ಕೊಟ್ಟಿದ್ದಾಳೆ. ಇಳಕಲ್ ಸೀರೆಯ ಮೇಲೆ ಹಾಕುವ ಅದೇ ಧಾರವಾಡ ಕಸೂತಿ. ತೇರು, ಗೋಪುರ, ಆನೆ ಅಂಬಾರಿ, ತುಳಸಿ ಕಟ್ಟೆ, ಇವೆಲ್ಲ ಅದರಲ್ಲಿ ಮೊದಲಿಂದ ಬಂದ ಚಿತ್ರಗಳು. ಹೊಲಿಗೆಯಲ್ಲಿ ನಾಲ್ಕು ಬಗೆ: ಗವಂತಿ, ಮುರ್ಗಿ, ನೇಗಿ, ಮೆಂತೆ. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿದು, ಬರುವಾಗ ಬಿಟ್ಟ ಜಾಗ ತುಂಬುತ್ತಾರೆ. ಮುಂದೂ ಹಿಂದೂ ಒಂದೇ ಥರ ಕಾಣುತ್ತೆ. ಗಂಟು ಹಾಕುವಂತಿಲ್ಲ, ಪೆನ್ಸಿಲ್‌ನಲ್ಲಿ ಗೀಚಿಕೊಳ್ಳುವಂತಿಲ್ಲ. ಬಟ್ಟೆಯ ಎಳೆ ಎಣಿಸಿಕೊಂಡೇ ಹೋಗಬೇಕು.

ಡೆನಿಮ್‌ನಲ್ಲಿ ಎಳೆ ಎಣಿಸೋಕೆ ಬರಲ್ಲ. ಅದಕ್ಕೆ ಅವ್ವ ಡೆನಿಮ್ ಮೇಲೆ ಒಂದು ಸಡಿಲ ನೇಯ್ಗೆಯ ಕ್ಯಾನ್ವಾಸ್ ಇಟ್ಟು ಸುತ್ತ ಕಚ್ಚಾ ಹೊಲಿಗೆ ಹಾಕಿದಳು. ಕ್ಯಾನ್ವಾಸ್‌ನ ಎಳೆ ಎಣಿಸಿ ಎರಡೂ ಬಟ್ಟೆ ಸೇರಿಸಿ ಕಸೂತಿ ಹಾಕಿದಳು. ಎಲ್ಲಾ ಮುಗಿದ ಮೇಲೆ ಕ್ಯಾನ್ವಾಸ್‌ಗೆ ನೀರು ಚಿಮುಕಿಸಿ ಅದರ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆದಳು. ಮೊದಲು ಉದ್ದದ್ದು, ಆಮೇಲೆ ಅಡ್ಡದ್ದು. ಕೊನೇ ಎಳೆ ಹೋದಾಗ ನೀಲಿ ಡೆನಿಮ್ ಮೇಲೆ ಬರೀ ತೇರು ಉಳಿಯಿತು, ಕೆಂಪು ಮತ್ತು ಬಿಳಿ ದಾರದಲ್ಲಿ. ಬೇಕಾದರೆ ಎಳೆ ಎಣಿಸಲು ಸುಲಭವಾದ ಮ್ಯಾಟಿ ಬಟ್ಟೆಯ ಮೇಲೆ ಬೇರೆಯೇ ಹಾಕಿ, ಅಂಚು ಮಡಿಚಿ ಪ್ಯಾಚ್ ಥರ ಹೊಲಿಯಲೂಬಹುದು. ಹೊಸಬರಿಗೆ ಅದೇ ಸುಲಭ.

ಸಂಡೂರಿನ ಲಂಬಾಣಿ ಕಸೂತಿ ಇನ್ನೊಂದು. ಕನ್ನಡಿ ತುಂಡು, ಕವಡೆ, ಗಾಢ ಬಣ್ಣ. ವೆಸ್ಟ್‌ಗೆ ಬಹಳ ಒಪ್ಪುತ್ತೆ. ಕನ್ನಡಿ, ಕವಡೆ ಮಾತ್ರ ಎದೆಯ ಮೇಲ್ಭಾಗದಲ್ಲಿ ಬೇಡ, ಬಿದ್ದರೆ ಚುಚ್ಚುತ್ತೆ. ಬಟ್ಟೆ ಕೆಲಸ ಅಷ್ಟೇ ಸಾಕು. ಧಾರವಾಡ ಕಸೂತಿಗೂ ಸಂಡೂರು ಲಂಬಾಣಿ ಕಸೂತಿಗೂ ಭೌಗೋಳಿಕ ಗುರುತು ಸಿಕ್ಕಿದೆ. ಕೈಯಲ್ಲಿ ಮಾಡುವವರಿಗೆ ಕೂಲಿ ಚೌಕಾಸಿ ಮಾಡದೆ ಕೊಡಿ. ಒಂದು ತೇರಿಗೆ ಎಷ್ಟು ಸಂಜೆ ಹೋಗುತ್ತೆ ಅಂತ ನೋಡಿದವಳು ನಾನು.

ಘಾಟಿ ತಿರುವು

ಅಕ್ಕ, ಆ ತೇರಿನ ಫೋಟೋ ಹಾಕಿ ಪ್ಲೀಸ್. ಹಿಂದಿನ ಮಗ್ಗಲೂ ಹಾಕಿ.

ಎರಡು ಸೈಲೆನ್ಸರ್

ಈಗ ಯಾವ ಪ್ಯಾಚ್ ಅನ್ನೋದು. ಎಲ್ಲಿ ಹೊಲಿಯಬೇಕು ಅನ್ನೋದಕ್ಕಿಂತ ಇದು ನನಗೆ ದೊಡ್ಡ ಪ್ರಶ್ನೆ.

ಜಾಕೆಟ್ ಮೇಲೆ ಗುರುತು ಹಾಕುವ ಅಭ್ಯಾಸ ಬೈಕಿನವರಿಂದಲೇ ಶುರುವಾದದ್ದಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನದವರು ತಮ್ಮ ಚರ್ಮದ ಜಾಕೆಟ್ ಬೆನ್ನಿಗೆ ವಿಮಾನದ ಹೆಸರು, ಚಿತ್ರ ಬರೆಸಿಕೊಳ್ಳುತ್ತಿದ್ದರು. ಒಂದೊಂದು ದಾಳಿಗೆ ಹೋಗಿ ಬಂದ ಮೇಲೆ ಒಂದೊಂದು ಸಣ್ಣ ಬಾಂಬಿನ ಚಿತ್ರ. ಹೋಗಿ ಜೀವಂತ ಬಂದಿದ್ದಕ್ಕೆ ಲೆಕ್ಕ ಅದು. ಯುದ್ಧ ಮುಗಿದ ಮೇಲೆ ಅಲ್ಲಿ ಬೈಕ್ ಕ್ಲಬ್‌ಗಳು ಬೆಳೆದವು, ಬೆನ್ನಿನ ಪ್ಯಾಚ್ ಅವರ ಗುರುತಾಯಿತು. ಇಂಗ್ಲೆಂಡಿನಲ್ಲಿ ಏಸ್ ಕೆಫೆ ಅನ್ನೋ ಲಂಡನ್ನಿನ ಹೋಟೆಲ್ ಸುತ್ತ ಸೇರುತ್ತಿದ್ದ ಹುಡುಗರ ಜಾಕೆಟ್ ತುಂಬಾ ಪ್ಯಾಚು, ಪಿನ್ನು. 59 ಕ್ಲಬ್ ಅನ್ನೋದು 1959ರಲ್ಲಿ ಲಂಡನ್ನಿನ ಒಂದು ಚರ್ಚಿನ ಯುವಕರ ಸಂಘವಾಗಿ ಶುರುವಾದದ್ದು. ಅದರ ಪ್ಯಾಚ್ ಈಗಲೂ ಜನ ಹೆಮ್ಮೆಯಿಂದ ಹಾಕುತ್ತಾರೆ.

ಹೆಬ್ಬಾಳದ ತಮ್ಮಾ, ಬೆನ್ನಿಗೆ ಒಂದೇ ಪ್ಯಾಚ್ ಹಾಕಿಸು. ಮೇಲೆ ಕಮಾನಿನಂತೆ ಒಂದು ಪಟ್ಟಿ, ನಡುವೆ ಚಿತ್ರ, ಕೆಳಗೆ ಊರಿನ ಹೆಸರಿನ ಇನ್ನೊಂದು ಪಟ್ಟಿ, ಹೀಗೆ ಮೂರು ತುಂಡಿನದ್ದು ಬೇಡ. ಅಮೆರಿಕ, ಯೂರೋಪು, ಆಸ್ಟ್ರೇಲಿಯದಲ್ಲಿ ಅದು ಕೆಲವು ಕ್ಲಬ್‌ಗಳ ಹಕ್ಕಿನ ಗುರುತು. ಕೆಳಗಿನ ಪಟ್ಟಿ ಅಂದರೆ "ಈ ಪ್ರದೇಶ ನಮ್ಮದು" ಅಂತ. ಹೊಸಬರು ವರ್ಷಗಟ್ಟಲೆ ಕಾದು ಪಡೆಯುತ್ತಾರೆ. ವಜ್ರದಾಕಾರದಲ್ಲಿ 1% ಅಂತ ಬರೆದ ಪ್ಯಾಚ್ ಕೂಡ ಹಾಗೇ, ಕಾನೂನಿಗೆ ಸೊಪ್ಪು ಹಾಕದ ಕ್ಲಬ್‌ಗಳದ್ದು. ಇಲ್ಲಿ ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತೆ ಅಂತ ಹಾಕಿಕೊಂಡು, ನಾಳೆ ಆ ದೇಶಗಳಲ್ಲಿ ಬಾಡಿಗೆ ಬೈಕ್ ತಗೊಂಡು ಅದೇ ವೆಸ್ಟ್‌ನಲ್ಲಿ ಹೊರಟರೆ ತೊಂದರೆ ಮೈಮೇಲೆ ಎಳೆದುಕೊಂಡ ಹಾಗೆ.

ಸೇನೆಯ ಗುರುತುಗಳೂ ಬೇಡ. ಬಲಿದಾನ್ ಬ್ಯಾಡ್ಜ್ ನಮ್ಮ ಸೇನೆಯ ವಿಶೇಷ ಪಡೆಯಾದ ಪ್ಯಾರಾ ಸ್ಪೆಷಲ್ ಫೋರ್ಸಸ್‌ನವರದ್ದು. ಅದನ್ನು ಗಳಿಸೋಕೆ ಅವರು ಪಡುವ ಪಾಡು ಗೊತ್ತಿದ್ದವರು ನೂರೈವತ್ತು ರೂಪಾಯಿ ಕೊಟ್ಟು ತಗೊಂಡು ಎದೆಗೆ ಹಾಕಲ್ಲ. ಸೈನಿಕ ಅಂತ ನಂಬಿಸುವ ಉದ್ದೇಶದಿಂದ ಅಂಥ ಗುರುತು ಧರಿಸೋದು ಕಾನೂನಿನ ಪ್ರಕಾರ ಅಪರಾಧವೂ ಹೌದು.

ನನ್ನ ವೆಸ್ಟ್‌ನಲ್ಲಿ ಇರೋದು ಕಡಿಮೆ. ಜಾವಾ, ಯೆಜ್ಡಿ ಬೈಕ್ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ನೆನಪಿಗೆ ಒಂದು. ಕಾರ್ಖಾನೆ 1996ರಲ್ಲಿ ಮುಚ್ಚಿತು, ಗಾಡಿ ಇನ್ನೂ ಮನೆ ಮುಂದೆ ಇದೆ, ಓಡುತ್ತಿದೆ. ಜುಲೈ ಎರಡನೇ ಭಾನುವಾರದ ಜಾವಾ-ಯೆಜ್ಡಿ ದಿನದ್ದು ಒಂದೆರಡು. ಅಷ್ಟೇ. ಪ್ರತಿಯೊಂದರ ಹಿಂದೂ ಒಂದು ರಸ್ತೆ ಇದೆ. ಹೋಗದ ಜಾಗದ ಪ್ಯಾಚ್ ಹಾಕಬಾರದು, ಗಳಿಸಿಯೇ ಹಾಕಬೇಕು ಅನ್ನೋದು ನನ್ನ ಲೆಕ್ಕ.

ಮಲ್ಲೇಶ್ವರಂ ಹಿಮಾಲಯನ್

ಅಣ್ಣಾ, ನಿಮ್ಮ ಮಾತಿಗೆ ಗೌರವ ಇದೆ, ಆದರೆ ಪೂರ್ತಿ ಒಪ್ಪಲ್ಲ. ಸೇನೆಯದ್ದು, ಕ್ಲಬ್‌ನದ್ದು ಬೇಡ, ಸರಿ. ಆದರೆ ಹೋದ ಜಾಗದ್ದು ಮಾತ್ರ ಹಾಕಬೇಕು ಅನ್ನೋದು ಯಾಕೆ? ನನಗೆ ಹುಲಿ ಇಷ್ಟ, ಹುಲಿ ಹಾಕಿದ್ದೀನಿ. ನನ್ನ ತಂಗಿಗೆ ಕಾಮನಬಿಲ್ಲು ಇಷ್ಟ. ಈಗಷ್ಟೇ ಗಾಡಿ ಕಲಿತು ಕೆಂಗೇರಿ ದಾಟದ ಹುಡುಗಿಗೂ ತನ್ನ ಬಟ್ಟೆ ಅಲಂಕಾರ ಮಾಡಿಕೊಳ್ಳುವ ಹಕ್ಕಿದೆ ಅಲ್ವಾ? ಅದನ್ನು ಗಳಿಸಬೇಕು, ಇದನ್ನು ಗಳಿಸಬೇಕು ಅಂತ ಹೇಳ್ತಾ ಹೋದರೆ ಹೊಸಬರು ನಮ್ಮ ಹತ್ತಿರ ಬರೋದೇ ಇಲ್ಲ.

ಎರಡು ಸೈಲೆನ್ಸರ್

ಹುಲಿಗೂ ಕಾಮನಬಿಲ್ಲಿಗೂ ನನ್ನ ತಕರಾರು ಇಲ್ಲ ಕಣಪ್ಪ. ಅವು ಯಾವುದನ್ನೂ ಸುಳ್ಳು ಹೇಳಲ್ಲ. ಹೋಗದ ಖಾರ್ದುಂಗ್ ಲಾ ಪ್ಯಾಚ್ ಹಾಕಿದರೆ ಅದು ಹೋಗಿದ್ದೀನಿ ಅಂತ ಹೇಳುತ್ತೆ. ಅಷ್ಟೇ ವ್ಯತ್ಯಾಸ. 24 ಗಂಟೆಯಲ್ಲಿ 1,000 ಮೈಲಿ, ಅಂದರೆ ಸುಮಾರು 1,610 ಕಿಲೋಮೀಟರ್ ಓಡಿಸಿ, ಪೆಟ್ರೋಲ್ ಬಿಲ್ಲು, ಸಾಕ್ಷಿ ಎಲ್ಲಾ ಕಳಿಸಿ, ದೂರ ಓಡಿಸುವವರ ಸಂಘವಾದ ಐರನ್ ಬಟ್‌ನ ಪ್ರಮಾಣಪತ್ರ ತಗೊಂಡವರು ನಮ್ಮ ನಡುವೆ ಇದ್ದಾರೆ. ಅವರ ಪಕ್ಕದಲ್ಲಿ ಬರೀ ಕೊಂಡುಕೊಂಡದ್ದನ್ನು ಹಾಕಿ ನಿಲ್ಲೋದು ನನಗೆ ಸರಿ ಕಾಣಲ್ಲ. ನಿನ್ನ ತಂಗಿ ಕಾಮನಬಿಲ್ಲು ಹಾಕಲಿ, ನಂದಿಗೆ ಹೋಗಿ ಬಂದ ದಿನ ನಂದಿಯ ಪ್ಯಾಚ್ ನಾನೇ ಕೊಡ್ತೀನಿ.

ಮಲ್ಲೇಶ್ವರಂ ಹಿಮಾಲಯನ್

ಅಣ್ಣಾ, ಮಾತು ಕೊಟ್ಟಿದ್ದೀರಿ, ನೆನಪಿರಲಿ! ಅಂದ ಹಾಗೆ ಖಾರ್ದುಂಗ್ ಲಾ ಪ್ಯಾಚ್‌ಗಳಲ್ಲಿ 18,380 ಅಡಿ ಅಂತ ಇರುತ್ತಲ್ಲ, ಅಲ್ಲಿನ ಹಳೇ ಬೋರ್ಡ್ ನೋಡಿ ಹಾಕಿದ್ದು. ಸರಿಯಾದ ಎತ್ತರ ಸುಮಾರು 17,582 ಅಡಿ. ಗಾಡಿ ಹೋಗುವ ರಸ್ತೆಗಳಲ್ಲಿ ಅದಕ್ಕಿಂತ ಎತ್ತರದ್ದು ಉಮ್ಲಿಂಗ್ ಲಾ, 19,024 ಅಡಿ. ಪ್ಯಾಚ್ ಮಾಡಿಸುವವರು ಅಂಕಿ ಸರಿ ನೋಡಿ ಹಾಕಿಸಿ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್, ನಂದಿ 1,478 ಮೀಟರ್.

ಹೆಬ್ಬಾಳ 350

ಖಾರ್ದುಂಗ್ ಲಾಗೆ ಹೋಗಿ ಬಂದಿದ್ದೀನಿ ಅಣ್ಣ, ಪ್ಯಾಚ್ ಲೇಹ್ ಪೇಟೆಯಲ್ಲೇ ತಗೊಂಡದ್ದು. ಅಂಕಿ ಹಳೇದೇ ಇದೆ. ಆದರೂ ಅದನ್ನೇ ಹಾಕ್ತೀನಿ. ಬಾವುಟದ ಬಗ್ಗೆ ಏನಾದರೂ ನಿಯಮ ಇದೆಯಾ?

ಬಸವನಗುಡಿ ಲೆದರ್

ಕನ್ನಡ ಬಾವುಟದಲ್ಲಿ ಹಳದಿ ಮೇಲೆ, ಕೆಂಪು ಕೆಳಗೆ. ತಲೆಕೆಳಗು ಹೊಲಿದ ಜಾಕೆಟ್‌ಗಳು ರಾಜ್ಯೋತ್ಸವದ ರ‍್ಯಾಲಿಯಲ್ಲೇ ಕಂಡಿವೆ, ಟೈಲರ್‌ಗೆ ಕೊಡುವಾಗ ಚಾಕ್‌ನಲ್ಲಿ ಬಾಣದ ಗುರುತು ಹಾಕಿ ಕೊಡಿ. ರಾಷ್ಟ್ರಧ್ವಜಕ್ಕೆ ಕಾನೂನೇ ಇದೆ, ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಕಾಯ್ದೆ, 1971ರದ್ದು. 2005ರಲ್ಲಿ ತಿದ್ದುಪಡಿ ಆಯಿತು. ಸೊಂಟದಿಂದ ಕೆಳಗೆ ಧರಿಸುವಂತಿಲ್ಲ, ಕರವಸ್ತ್ರ, ದಿಂಬಿನ ಮೇಲೆ ಕಸೂತಿ ಹಾಕುವಂತಿಲ್ಲ, ಧ್ವಜದ ಮೇಲೆ ಏನೂ ಬರೆಯುವಂತಿಲ್ಲ. ಹಾಗಾಗಿ ಪ್ಯಾಂಟಿಗೆ, ಬೂಟಿಗೆ, ಟ್ಯಾಂಕ್ ಒರೆಸುವ ಬಟ್ಟೆಗೆ ಬೇಡ. ತ್ರಿವರ್ಣದ ಮೇಲೆ ಹೆಸರು, ರಕ್ತದ ಗುಂಪು ಬರೆಸಿದ ಪ್ಯಾಚ್‌ಗಳು ಮಾರಾಟಕ್ಕೆ ಬರುತ್ತವೆ, ತಗೋಬೇಡಿ.

ಘಾಟಿ ತಿರುವು

ರಕ್ತದ ಗುಂಪಿನ ಪ್ಯಾಚ್ ಬೇರೆಯಾಗಿ ಹಾಕಿ, ಒಳ್ಳೇದೇ. ಆಸ್ಪತ್ರೆಯಲ್ಲಿ ಅವರು ಮತ್ತೆ ಪರೀಕ್ಷೆ ಮಾಡಿಯೇ ರಕ್ತ ಕೊಡೋದು, ಹಾಗಾಗಿ ಅದನ್ನೇ ನಂಬಿ ಕೂರಬೇಡಿ. ಮನೆಯವರ ಫೋನ್ ನಂಬರ್ ಹೊರಗೆ ಕಾಣುವಂತೆ ಹಾಕಬೇಡಿ, ಮುಖ್ಯವಾಗಿ ಹೆಣ್ಣುಮಕ್ಕಳು. ಜಿಪ್‌ನ ಒಳ ಮಡಿಕೆಗೆ ಬಟ್ಟೆಯ ತುಂಡಿನಲ್ಲಿ ಬರೆದು ಹೊಲಿದರೆ ಸಾಕು, ಜಾಕೆಟ್ ತೆಗೆಯುವವರಿಗೆ ಕಾಣುತ್ತೆ. ಔಷಧದ ಅಲರ್ಜಿ ಇದ್ದರೆ ಅದನ್ನೂ ಅಲ್ಲೇ ಬರೆಯಿರಿ.

ಯಲಹಂಕ ಹೊಸಬ

ಒಂದು ಡೌಟು. ನನಗೆ ವೆಸ್ಟ್ ಬೇಡ, ಜಾಕೆಟ್‌ಗೇ ಹಾಕಬೇಕು. ಎದೆಗೆ ವೆಲ್ಕ್ರೋ ಹಾಕಿಸಿ ಪ್ಯಾಚ್ ಬದಲಾಯಿಸ್ತಾ ಇರಬಹುದಾ?

ಪೀಣ್ಯ ಪವರ್‌ಮೆಷಿನ್

ಹಾಕಿಸಬಹುದು. ಮೆತ್ತನೆಯದ್ದು ಜಾಕೆಟ್ ಕಡೆ, ಕೊಕ್ಕೆ ಇರುವುದು ಪ್ಯಾಚ್ ಕಡೆ. ಅದಲು ಬದಲು ಆದರೆ ಪ್ಯಾಚ್ ತೆಗೆದ ದಿನ ಆ ಕೊಕ್ಕೆ ಗ್ಲೌಸು, ಮಫ್ಲರ್ ಎಲ್ಲಾ ಹಿಡಿದೆಳೆಯುತ್ತೆ. ನಾಲ್ಕೂ ಮೂಲೆ ದುಂಡಗೆ ಕತ್ತರಿಸಿಕೊಳ್ಳಿ, ಚೂಪು ಮೂಲೆಯೇ ಮೊದಲು ಏಳೋದು. ಹೈವೇಗೆ ಹೋಗುವ ಮುಂಚೆ ಒತ್ತಿ ನೋಡಿ. ಪ್ಯಾಚ್ 3 ಇಂಚು ದಾಟದಿರಲಿ.

ಜಾಗ ಗುರುತು ಮಾಡುವಾಗ ಜಾಕೆಟ್ ಮೇಜಿನ ಮೇಲೆ ಹಾಸಿ ಮಾಡಬೇಡಿ. ಹಾಕಿಕೊಂಡು, ಜಿಪ್ ಎಳೆದು, ಗಾಡಿ ಮೇಲೆ ಕೂತು ಹ್ಯಾಂಡಲ್ ಹಿಡಿಯಿರಿ. ಆಗ ಯಾರಾದರೂ ಟೈಲರ್ ಚಾಕ್‌ನಲ್ಲಿ ಗುರುತು ಹಾಕಲಿ. ಕೈ ಮುಂದೆ ಚಾಚಿದಾಗ ಬೆನ್ನು ಅಗಲವಾಗುತ್ತೆ, ಎದೆ ಮಡಿಕೆ ಬೀಳುತ್ತೆ. ನಿಂತಾಗ ನೇರ ಕಂಡ ಪ್ಯಾಚ್ ಕೂತಾಗ ಸೊಟ್ಟ ಆಗೋದು ಇದಕ್ಕೇ. ಭುಜದ ತುದಿ, ಮೊಣಕೈ, ಮುಂಗೈ ಹೊರಭಾಗ ಬಿಟ್ಟುಬಿಡಿ. ಬಿದ್ದಾಗ ಮೊದಲು ನೆಲಕ್ಕೆ ಉಜ್ಜುವುದು ಅವೇ, ಅಲ್ಲಿ ದಪ್ಪ ಅಂಚು ಇದ್ದರೆ ಸಿಕ್ಕಿಹಾಕಿಕೊಂಡು ಬಟ್ಟೆ ಎಳೆಯುತ್ತೆ.

ಯಲಹಂಕ ಹೊಸಬ

ಸೂಪರ್ ಅಣ್ಣ. ಒಗೆಯೋದು ಹೇಗೆ?

ನೂಲು ಬಣ್ಣ

ಹೊಸ ಪ್ಯಾಚ್‌ನ ಕೆಂಪು, ಕಡುನೀಲಿ ದಾರ ಬಣ್ಣ ಬಿಡುತ್ತಾ ಅಂತ ಹೊಲಿಯುವ ಮುಂಚೆಯೇ ನೋಡಿ. ಒದ್ದೆ ಬಿಳಿ ಬಟ್ಟೆ ಮೇಲಿಟ್ಟು ಐದು ನಿಮಿಷ ಒತ್ತಿ ಹಿಡಿದರೆ ಗೊತ್ತಾಗುತ್ತೆ. ಬಿಟ್ಟರೆ ಅಂಗಡಿಯವರಿಗೆ ವಾಪಸ್ ಕೊಡಿ. ಆಮೇಲೆ ಆರ್ಮರ್ ತೆಗೆದು, ತಣ್ಣೀರಿನಲ್ಲಿ ಮೆದು ಸೋಪಿನಿಂದ ಕೈಯಲ್ಲೇ ಒಗೆಯಿರಿ. ಪ್ಯಾಚ್ ಮೇಲೆ ಬ್ರಷ್ ಉಜ್ಜಬೇಡಿ, ದಾರ ನವಿರೇಳುತ್ತೆ. ಹಿಂಡಬೇಡಿ. ನೆರಳಿನಲ್ಲಿ ಒಳಮಗ್ಗಲು ಮಾಡಿ ಅಗಲವಾದ ಹ್ಯಾಂಗರ್‌ಗೆ ಹಾಕಿ. ಪ್ಯಾಚ್ ಒಳಗಿನ ಕ್ಯಾನ್ವಾಸ್ ಒಣಗೋಕೆ ಜಾಕೆಟ್‌ಗಿಂತ ಜಾಸ್ತಿ ಹೊತ್ತು ಬೇಕು, ಅದು ಪೂರ್ತಿ ಒಣಗುವ ತನಕ ಬೀರುವಿನಲ್ಲಿ ಇಡಬೇಡಿ.